ಸಿಂಗಾಪುರದ ಕೈಗಡ

ಬ್ಯಾಂಕಿನವರ ಮೇಲಿನ ನನ್ನ ಸಿಟ್ಟು ಈಗ ಎಷ್ಟೋ ಇಳಿದಿದೆ. ಗಂಡನ ಮೇಲಿನದು ಮಾತ್ರ ಆ ಬೇಸಿಗೆ ನೆನಪಾದಾಗಲೆಲ್ಲ ಹೊಸದಾಗಿ ಏರುತ್ತದೆ. ಯಾರು ಏನಾದರೂ ಅಂದುಕೊಳ್ಳಲಿ, ಬರೆದೇ ಬಿಡುತ್ತೇನೆ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಗಂಡನದು ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಮದುವೆಯ ಮಾತುಕತೆಯಲ್ಲೇ ನಾನು ಒಂದು ಕರಾರು ಹಾಕಿದ್ದೆ: ನನ್ನ ಸಂಬಳ ನನ್ನ ಖಾತೆಯಲ್ಲೇ ಇರಬೇಕು. ಮನೆಗೆ ಬೇಕಾದ್ದು ಕೊಡುತ್ತೇನೆ, ಆದರೆ ಕೊಡುವ ಕೈ ನನ್ನದೇ ಆಗಿರಬೇಕು. ಅತ್ತೆಗೆ ಇದು ಮೊದಲ ದಿನದಿಂದಲೂ ನುಂಗಲಾರದ ತುತ್ತು. ಸೊಸೆಯ ಪಗಾರ ಅಂಗಡಿಗೆ ಬಂದರೆ ಬೆಳೆಯುತ್ತದೆ, ಬ್ಯಾಂಕಿನಲ್ಲಿ ಬಿದ್ದಿದ್ದರೆ ಕೊಳೆಯುತ್ತದೆ ಎಂದು ಅವರ ವಾದ. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಟೈ ಕಟ್ಟಿಕೊಂಡವನೊಬ್ಬ ಬೆಳಗಾವಿಯಿಂದ ಬಂದು, ನಮ್ಮ ಸ್ಟಾಫ್ ರೂಮಿನಲ್ಲಿ ಕುಳಿತು, ಸಂಬಳದವರಿಗೆಲ್ಲ ಕ್ರೆಡಿಟ್ ಕಾರ್ಡ್ ಹಂಚಿ ಹೋದ. ಐವತ್ತು ದಿನ ಬಡ್ಡಿಯೇ ಇಲ್ಲ ಮೇಡಂ, ಬಿಲ್ಲು ಬಂದ ಮೇಲೆ ಕಟ್ಟಿದರಾಯಿತು ಎಂದ. ನನ್ನ ಕಾರ್ಡಿನ ಜೊತೆ ಗಂಡನ ಹೆಸರಿನಲ್ಲಿ ಇನ್ನೊಂದು ಪುಕ್ಕಟೆ. ಬಿಲ್ಲು ಮಾತ್ರ ಎರಡಕ್ಕೂ ನನ್ನ ಹೆಸರಿಗೆ.

ಆ ಬೇಸಿಗೆಯಲ್ಲಿ ಬೀಜದ ಕಂಪನಿಯೊಂದು, ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಸಿಂಗಾಪುರ ತೋರಿಸಲು ಕರೆದೊಯ್ಯಿತು. ನಮ್ಮ ಕಡೆಯಿಂದ ಹೋದವರು ನನ್ನ ಗಂಡ, ಕಿತ್ತೂರಿನವರೊಬ್ಬರು, ರಾಮದುರ್ಗದವರೊಬ್ಬರು, ಮತ್ತು ಎಲ್ಲರಿಗೂ ಹಿರಿಯರಾದ ಸವದತ್ತಿಯ ಸಾವಕಾರರು. ಹೆಂಡಿರಿಗೆ ಟಿಕೆಟ್ ಇರಲಿಲ್ಲ. ಗಂಡ ಊಟಕ್ಕೆ ಹೋದಾಗ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದಕ್ಕೆ ಮಾತ್ರ ಹೆಂಡತಿ ಬೇಕು, ವಿಮಾನ ಹತ್ತುವುದಕ್ಕೆ ಬೇಡ!

ಅಲ್ಲಿ ಗಡಿಯಾರ, ಕ್ಯಾಮೆರಾ ನೋಡಿ ಇವರೆಲ್ಲರ ಕಣ್ಣು ಅರಳಿದವು. ನಗದು ಕೊಟ್ಟರೆ ಅಂಗಡಿಯವನು ಇನ್ನಷ್ಟು ಇಳಿಸುತ್ತಾನೆ, ಆದರೆ ಒಯ್ದಿದ್ದ ಡಾಲರು ಮುಗಿದಿದ್ದವು. ಕಾರ್ಡು ಇದ್ದದ್ದು ನನ್ನ ಗಂಡನೊಬ್ಬನ ಹತ್ತಿರ. ನಮ್ಮ ಪೇಟೆಯಲ್ಲಿ ಒಂದು ರಿವಾಜು ಇದೆ: ಸಂಗಡದ ವ್ಯಾಪಾರಿ ಕೈಗಡ ಕೇಳಿದರೆ ಇಲ್ಲ ಅನ್ನುವಂತಿಲ್ಲ, ಕೊಟ್ಟ ಕೈಗಡಕ್ಕೆ ಬಡ್ಡಿ ಕೇಳುವಂತಿಲ್ಲ. ಬಡ್ಡಿ ಕೇಳಿದವನ ಮರ್ಯಾದೆ ಅವತ್ತಿಗೇ ಹೋಯಿತು. ಹಾಗಾಗಿ ಯಾರು ಕೇಳಿದರೂ ಇವರು ಎದ್ದು ಹಣದ ಯಂತ್ರದ ಮುಂದೆ ನಿಂತರು. ಒಬ್ಬರಿಗೆ ಒಂದು ಸಲ, ಇನ್ನೊಬ್ಬರಿಗೆ ಮತ್ತೊಂದು ಸಲ, ಸಂತೆಯಲ್ಲಿ ಕೊತ್ತಂಬರಿ ಕೊಂಡ ಹಾಗೆ. ನನಗೊಂದು ವ್ಯಾನಿಟಿ ಬ್ಯಾಗ್ ತಂದರು. ಅದರಲ್ಲಿ ಇಟ್ಟುಕೊಳ್ಳಲು ಏನೂ ಉಳಿಯುವುದಿಲ್ಲ ಎಂದು ನನಗಾಗ ಗೊತ್ತಿರಲಿಲ್ಲ.

ಬಿಲ್ಲು ಬಂತು. ಮೊತ್ತವನ್ನು ಎರಡೆರಡು ಸಲ ಓದಿದೆ. ಐವತ್ತು ದಿನ ಎಲ್ಲಿ ಮುಗಿದಿದ್ದವು? ಆದರೂ ಬಡ್ಡಿ ಹತ್ತಿತ್ತು. ಗಂಡನನ್ನು ಕೇಳಿದರೆ, ಗೆಳೆಯರು ಇನ್ನೂ ಕೊಟ್ಟಿಲ್ಲ, ಬಿತ್ತನೆಯ ಹೊತ್ತು, ಈಗ ಕೇಳಿದರೆ ಚೆನ್ನಾಗಿರುವುದಿಲ್ಲ, ಸದ್ಯ ನಿನ್ನ ಖಾತೆಯಿಂದ ಬಿಲ್ಲಿನಲ್ಲಿ ಬರೆದ ಕನಿಷ್ಠ ಮೊತ್ತವನ್ನಷ್ಟೇ ಕಟ್ಟು ಎಂದರು. ಕಟ್ಟಿದೆ. ಮುಂದಿನ ತಿಂಗಳು ಬಂದ ಬಿಲ್ಲು ಮತ್ತೂ ದಪ್ಪಗಾಗಿತ್ತು. ಮನೆಯಲ್ಲಿ ಎಲ್ಲರ ಬಾಯಿಗೂ ನಾನೇ ಸಿಕ್ಕೆ. ಇಂಥ ಕಾರ್ಡು ಮನೆಗೆ ತಂದವಳು ನಾನಂತೆ, ಬ್ಯಾಂಕಿನ ವ್ಯವಹಾರ ನನಗೆ ತಿಳಿಯುವುದಿಲ್ಲವಂತೆ. ಇನ್ನು ಮೇಲೆ ಪಗಾರವೆಲ್ಲ ಅಂಗಡಿಗೇ ಬರಲಿ ಎಂದು ಅತ್ತೆ ತೀರ್ಪು ಕೊಟ್ಟರು. ಗಂಡ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕುಳಿತರು. ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ಒಂದು ಸ್ವಾತಂತ್ರ್ಯವನ್ನು ಯಾರದೋ ಕ್ಯಾಮೆರಾಕ್ಕಾಗಿ ಬಿಟ್ಟುಕೊಡಬೇಕೇ?

ರಜೆ ಹಾಕಿ ಬೆಳಗಾವಿಯ ಬಸ್ಸು ಹತ್ತಿದೆ. ಬ್ಯಾಂಕಿನ ಅಧಿಕಾರಿ ನಗುನಗುತ್ತಲೇ ವಿವರಿಸಿದರು. ಐವತ್ತು ದಿನದ ಮಾತು ಸಾಮಾನು ಕೊಂಡರೆ ಮಾತ್ರ. ನಗದು ತೆಗೆದರೆ, ನೋಟು ಯಂತ್ರದಿಂದ ಹೊರಬಿದ್ದ ದಿನದಿಂದಲೇ ಬಡ್ಡಿ. ತೆಗೆದ ಪ್ರತಿ ಸಲಕ್ಕೂ ಬೇರೆ ಶುಲ್ಕ, ಪರದೇಶದ ನೋಟೆಂದು ಅದರ ಮೇಲೆ ಇನ್ನೊಂದು. ಹಾಗಾದರೆ ಏನು ಮಾಡಬೇಕಿತ್ತು ಎಂದು ಕೇಳಿದೆ. ಹೊರಡುವ ಮೊದಲೇ ಕಾರ್ಡಿಗೆ ಹಣ ತುಂಬಿದ್ದರೆ ಅದು ನಿಮ್ಮದೇ ದುಡ್ಡು, ಬಡ್ಡಿಯ ಪ್ರಶ್ನೆಯೇ ಇಲ್ಲ, ಚಿಲ್ಲರೆ ಚಿಲ್ಲರೆ ತೆಗೆಯುವ ಬದಲು ಬೇಕಾದ್ದನ್ನು ಒಂದೇ ಸಲ ತೆಗೆಯಬೇಕಿತ್ತು, ಅದೂ ಆಗದಿದ್ದರೆ ಊರಿಗೆ ಬಂದ ಕೂಡಲೇ ಬಿಲ್ಲಿಗೆ ಕಾಯದೆ ಕಟ್ಟಬೇಕಿತ್ತು ಎಂದರು. ಇದನ್ನು ಕಾರ್ಡು ಕೊಡುವಾಗ ಯಾಕೆ ಹೇಳಲಿಲ್ಲ ಎಂದೆ. ಕಾರ್ಡಿನ ಜೊತೆ ಕೊಟ್ಟ ಪುಸ್ತಿಕೆಯಲ್ಲಿದೆ ಮೇಡಂ ಎಂದರು. ಇತ್ತು, ನಿಜ. ಸಾಸಿವೆಗಿಂತ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ! ಟೈ ಕಟ್ಟಿದವನು ಸಿಕ್ಕಿದ್ದರೆ ಅವನನ್ನು ಮಕ್ಕಳ ಮುಂದೆ ನಿಲ್ಲಿಸಿ ಆ ಪುಸ್ತಿಕೆಯನ್ನು ಓದಿಸುತ್ತಿದ್ದೆ. ಮುಂದೆ ನಾನೇ ಶಿಕ್ಷಕಿಯರ ಗುಂಪಿನೊಡನೆ ಕೊಲಂಬೊಗೆ ಹೋದಾಗ ಕಾರ್ಡಿಗೆ ಮೊದಲೇ ಹಣ ತುಂಬಿ, ಯಂತ್ರದ ಮುಂದೆ ಒಂದೇ ಸಲ ನಿಂತೆ. ಬುದ್ಧಿ ಬಂತು, ನಿಜ. ಆದರೆ ಅದಕ್ಕೆ ಕೊಟ್ಟ ಬೆಲೆ ಹೊಟ್ಟೆ ಉರಿಸುತ್ತದೆ.

ನಾನು ಬ್ಯಾಂಕಿಗೆ ಹೋಗಿಬಂದ ಮೇಲಿನ ಹುಣ್ಣಿಮೆ ರವಿವಾರ ಬಿದ್ದಿತ್ತು. ಅತ್ತೆಯನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಗುಡ್ಡದ ಬುಡದ ಉಗರಗೋಳದಿಂದ ಸವದತ್ತಿಗೆ ಬಂದು ಬೈಲಹೊಂಗಲದ ಬಸ್ಸಿಗೆ ಕಾಯುವಾಗ, ಸ್ಟ್ಯಾಂಡಿನ ಹತ್ತಿರವೇ ಇದ್ದ ಸಾವಕಾರರ ಅಂಗಡಿಗೆ ನಡೆದೇ ಬಿಟ್ಟೆ. ಅತ್ತೆ ಸೆರಗು ಹಿಡಿದು ಜಗ್ಗಿದರು. ಕೈಗಡದ ರೊಕ್ಕ ಹೆಂಗಸರು ಹೋಗಿ ಕೇಳಿದರೆ ಮಗನ ಮುಖ ಪೇಟೆಯಲ್ಲಿ ಉಳಿಯುತ್ತದೆಯೇ ಎಂದು ದಾರಿಯುದ್ದಕ್ಕೂ ಗೊಣಗಿದರು. ನಾನು ತಿರುಗಿ ನೋಡಲಿಲ್ಲ.

ಸಾವಕಾರರು ಎದ್ದು ನಿಂತು ಬರಮಾಡಿಕೊಂಡರು, ಚಹಾ ತರಿಸಿದರು. ಬಡ್ಡಿ ಬೇಡ, ಬರಿಯ ಅಸಲಾದರೂ ಬೇಗ ಕೊಟ್ಟರೆ ಉಪಕಾರವಾಗುತ್ತದೆ ಎಂದು ನಾನು ಹೇಳಿದೆ. ಅವರು ಅಚ್ಚರಿಪಟ್ಟು ಅಂದರು:

"ಅಕ್ಕೋರ, ನಾವು ಮೂರೂ ಮಂದಿ ಊರು ಮುಟ್ಟಿದ ಮರುದಿನಾನ ರೊಕ್ಕ ಮುಟ್ಟಿಸೇವಿ. ಅದನ್ನ ಕಂಪನಿಗೆ ಮುಂಗಡ ಕಟ್ಟಿ ನಿಮ್ಮ ಯಜಮಾನ್ರು ಬೀಜದ ಮ್ಯಾಲ ಭಾಳ ಚಲೋ ರಿಯಾಯತಿ ತಗೊಂಡ್ರಲ್ರಿ. ನಿಮಗ ಹೇಳಿಲ್ಲೇನ್ರಿ?"

ಅತ್ತೆ ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟರು. ಎಲಾ ಇವನ! ನನ್ನ ದುಡ್ಡಿನ ಮೇಲೆ ರಿಯಾಯತಿ ಅಂಗಡಿಗೆ, ಬಡ್ಡಿ ನನಗೆ, ಬೈಗುಳವೂ ನನಗೇ!

ಮನೆಯಲ್ಲಿ ಕೇಳಿದಾಗ ಗಂಡನಿಗೆ ನಾಚಿಕೆಗಿಂತ ಸೋಜಿಗವೇ ಹೆಚ್ಚಾದಂತಿತ್ತು. "ಬಿಲ್ ಬರೂಕಿಂತ ಮೊದಲ ಯಾರರೆ ರೊಕ್ಕ ಕಟ್ಟತಾರೇನು? ಪ್ಯಾಟ್ಯಾಗ ನಗತಾರ," ಎಂದರು. ಕೊಡಬೇಕಾದ ಹಣವನ್ನು ಗಡುವಿನ ಕೊನೆಯ ದಿನದವರೆಗೂ ತಿರುಗಿಸುವವನೇ ಜಾಣ ಎಂಬುದು ಅವರು ಅಪ್ಪನಿಂದ ಕಲಿತ ವ್ಯಾಪಾರ. ಬಿಲ್ಲು ಬಂದಾಗ ಹಣವೆಲ್ಲ ಬೀಜದ ಚೀಲಗಳಲ್ಲಿ ಕುಳಿತಿತ್ತು, ಅದಕ್ಕೇ ಗೆಳೆಯರ ಮೇಲೆ ಹಾಕಿದ್ದು. ನಾನು ದನಿ ಏರಿಸಲಿಲ್ಲ.

"ಅವರಿಗೆ ಕೈಗಡ ಕೊಟ್ಟಾಕಿ ನಾನು. ನನಗ ಬರಬೇಕಾದ್ದನ್ನ ನೀವು ಇಟಗೊಂಡೀರಿ. ಇದು ಕೈಗಡ ಅಲ್ರಿ, ಇದಕ್ಕ ಬಡ್ಡಿ ಹತ್ತತೈತಿ. ಅದೂ ನೀವ ಕೊಡಬೇಕು."

ಆ ವಾರವಿಡೀ ಗಂಡ ಅಂಗಡಿಯ ಬಾಕಿ ವಸೂಲಿಗೆ ತಿರುಗಿದರು. ಶುಕ್ರವಾರ ಬೆಳಿಗ್ಗೆ ಗಂಡ ಅಸಲು, ಬಡ್ಡಿ ಎರಡನ್ನೂ ಗಂಟು ಕಟ್ಟಿ ತಂದು ಅಡುಗೆಮನೆಯ ಗೋಡೆಯ ಮಾಡದಲ್ಲಿಟ್ಟರು. ನಾನು ಬೆಳಗಾವಿಗೆ ಹೋಗಲು ಸೀರೆ ಉಡುತ್ತಿದ್ದೆ. ಇವತ್ತು ಬೇಡ, ಲಕ್ಷ್ಮಿಯ ವಾರ, ಸೋಮವಾರ ಕಟ್ಟಿದರಾಯಿತು ಎಂದರು ಗಂಡ. ಅದು ಸುಮ್ಮನೆ ಹೇಳಿದ ಮಾತಲ್ಲ. ಶುಕ್ರವಾರ ನಮ್ಮ ಮನೆಯಿಂದ ಹಾಲಿನವನಿಗೂ ದುಡ್ಡು ಕೊಟ್ಟದ್ದಿಲ್ಲ, ಅತ್ತೆ ಕೊಡಗೊಟ್ಟದ್ದೂ ಇಲ್ಲ. ಇನ್ನು ತಾಯಿ, ಮಗ ಒಂದಾದರು, ನನ್ನ ಪಗಾರವೂ ಹೋಯಿತು ಎಂದುಕೊಂಡು ಜಗಳಕ್ಕೆ ಬಾಯಿ ತೆರೆದೆ.

ಅಷ್ಟರಲ್ಲಿ ಅತ್ತೆ ಎದ್ದರು. ಮಾಡದಲ್ಲಿದ್ದ ಗಂಟನ್ನು ತೆಗೆದು ನನ್ನ ಕೈಗಿಟ್ಟು, ಮಗನ ಕಡೆ ತಿರುಗಿದರು.

"ಲಕ್ಷ್ಮಿ ವಾರ ಅಂತ ಬಡ್ಡಿ ಸುಮ್ಮ ಕುಂದ್ರತೈತೇನೋ?"

ಆಮೇಲೆ ನನಗೆ ಅಂದರು: "ನಿನ್ನ ಪಗಾರದ ಸುದ್ದಿ ನಾ ಇನ್ನ ಎತ್ತೂದಿಲ್ಲ. ಬಸ್ ಹೋಗತೈತಿ, ನಡಿ."