ನಾನು ಅಳಿಸಿದ ಅರ್ಜಿ

ಉದಗೀರದ ಬೇಳೆ ಗಿರಣಿಯ ಕಚೇರಿಯಲ್ಲಿ ನಾನು ಮ್ಯಾನೇಜರನಾಗಿದ್ದೆ. ರಜೆಯ ಅರ್ಜಿಗಳು ಕಾಗದದ ಬದಲು ಕಂಪ್ಯೂಟರಿನಲ್ಲಿ ಬರತೊಡಗಿದಾಗ, ಅವನ್ನು ತೆರೆಯಲು ನನಗೆ ಬಾರದೆಂದು ಯಾರಿಗೂ ಹೇಳಲಿಲ್ಲ. ತಾಯಿಯ ಆಪರೇಷನ್ನಿಗೆಂದು ನಿಲಂಗಾಕ್ಕೆ ಹೋಗಿದ್ದ ಟೈಪಿಸ್ಟಳ ಮೇಲೆ, ಅರ್ಜಿಯಿಲ್ಲದೆ ಹೋದಳೆಂದು ಮಾಲೀಕರಿಗೆ ದೂರು ಹೇಳಿದೆ.

ಮರಳಿ ಬಂದವಳು, "ಅರ್ಜಿ ಕಳ್ಸೀನ್ರಿ ಸಾಹೇಬ್ರ, ಕಂಪ್ಯೂಟರ್‌ದಾಗೇ ಅದ. ತೆಗದು ನೋಡ್ರಿ," ಎಂದಳು.

"ನಂಗ ಕಲಿಸ್ಲಾಕ ಬಂದೀ ಏನ್? ಮ್ಯಾನೇಜರ್ ನಾನೊ, ನೀನೊ?" ಎಂದು ಎಲ್ಲರೆದುರು ಗದರಿದೆ. ಮಾಲೀಕರು ನನ್ನ ಮಾತನ್ನೇ ನಂಬಿದರು. ಅವಳ ನೌಕರಿ ಹೋಯಿತು.

ಅವಳ ಜಾಗಕ್ಕೆ ಬಂದವನು ಅರ್ಜಿ ತೆರೆಯುವುದನ್ನು ತೋರಿಸಿದ. ಎರಡು ಸಲ ಒತ್ತಿದರೆ ಸಾಕಿತ್ತು. ಅವಳ ಅರ್ಜಿ ಅಲ್ಲೇ ಇತ್ತು. ಹೇಡಿಯಂತೆ ಅದನ್ನು ಅಳಿಸಿದೆ.

ಈ ವಯಸ್ಸಿನಲ್ಲೂ ಕಂಪ್ಯೂಟರ್ ಕಲಿತವನೆಂದು ಇಂದು ಯಾರಾದರೂ ಹೊಗಳಿದರೆ, ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬರುತ್ತದೆ.