ಸಮುದ್ರವಿಲ್ಲದ ಬಂದರಿನಲ್ಲಿ ಹಸಿರು ಬಳೆ

ಜರ್ಮನಿಯ ಎರ್ಲಾಂಗೆನ್‌ನ ನಮ್ಮ ಪುಟ್ಟ ಮನೆಯಲ್ಲೇ ಹೆಂಡತಿಗೆ ಸೀಮಂತ ಮಾಡಿದ್ದೆವು. ಮೈಸೂರಿನಿಂದ ಅತ್ತೆ ತಂದಿದ್ದ ಹಸಿರು ಗಾಜಿನ ಬಳೆಗಳನ್ನು ಗೆಳತಿಯರೆಲ್ಲ ಸೇರಿ ಕೈತುಂಬ ತೊಡಿಸಿದರು. "ಹೆರಿಗೆ ಆಗೋವರೆಗೂ ತೆಗೀಬಾರ್ದು ಕಣೇ" ಎಂದಿದ್ದರು ಅತ್ತೆ. ಎಂಟನೇ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತಿತು. ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗು ಅಳಲಿಲ್ಲ.

ಬಳೆಗಳು ಅವಳ ಕೈಯಲ್ಲೇ ಉಳಿದವು. ಸೈಕಲ್ ಹತ್ತಿ ಆಫೀಸಿಗೆ ಹೊರಟರೂ ಘಲ್ ಘಲ್. ಆ ಸದ್ದು ಕೇಳಲಾರದೆ ನಾನು ಕಿಟಕಿ ಮುಚ್ಚಿಬಿಡುತ್ತಿದ್ದೆ. ತೆಗಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಅತ್ತೆಯೇ ಫೋನಿನಲ್ಲಿ, "ಎಲ್ಲಾದ್ರೂ ಸಮುದ್ರದ ನೀರಿಗೆ ಬಿಟ್ಬಿಡಿ" ಎಂದರು. ಅವಳು ಹೂಂ ಅಂದಳು.

ನಾನು ಮಹಾ ಬುದ್ಧಿವಂತ. ಟರ್ಕಿಯ ಪುರಾತನ ಬಂದರು ಪಟ್ಟಣವೊಂದಕ್ಕೆ ಟಿಕೆಟ್ ಮಾಡಿಸಿದೆ. ಬಂದರು ಅಂದಮೇಲೆ ಸಮುದ್ರ ಇದ್ದೇ ಇರುತ್ತದಲ್ಲ! ಬಿಸಿಲಿನಲ್ಲಿ, ಮುರಿದ ಕಂಬಗಳ ನಡುವಿನ ಕಲ್ಲುಬೀದಿಯಲ್ಲಿ ಇಳಿದು ಇಳಿದು ಕೊನೆ ಮುಟ್ಟಿದರೆ, ಮುಂದೆ ಬರೀ ಜೊಂಡು ಬೆಳೆದ ಬಯಲು. ಹಡಗು ಕಟ್ಟುತ್ತಿದ್ದ ಕಟ್ಟೆಯ ಮೇಲೆ ಮೇಕೆಗಳು ಮೇಯುತ್ತಿದ್ದವು. ಜರ್ಮನ್ ಪ್ರವಾಸಿಗರ ಗುಂಪಿಗೆ ಗೈಡ್ ವಿವರಿಸುತ್ತಿದ್ದ: ನದಿ ತಂದ ಹೂಳು ತುಂಬಿ, ಸಮುದ್ರ ಎಂದೋ ದೂರ ಸರಿದಿದೆ.

"ಸಾರಿ. ಟ್ಯಾಕ್ಸಿ ಮಾಡ್ಕೊಂಡು ಬೀಚಿಗೆ ಹೋಗೋಣ" ಎಂದೆ.

ಅವಳು ಆ ಕಟ್ಟೆಯ ಮೇಲೆ ಕೂತುಬಿಟ್ಟಳು. "ನೀರಿಲ್ಲ, ಹಡಗಿಲ್ಲ. ಆದ್ರೂ ಎಲ್ರೂ ಇದನ್ನ ಬಂದರು ಅಂತಾನೇ ಕರೀತಾರೆ. ನನ್ನ ಮಾತ್ರ ಯಾರೂ ತಾಯಿ ಅನ್ನಲ್ಲ. ಮಗು ಹೋಯ್ತು, ಹೋಯ್ತು ಅಂತೀರ. ನೀನೂ ಅಷ್ಟೇ. ನಾನು ಹೆತ್ತಿದೀನಿ ಕಣೋ. ಹೆರಿಗೆ ಆಯ್ತು ಅಂತ ಒಬ್ರಾದ್ರೂ ಹೇಳಿದ್ರಾ? ಮತ್ತೆ ಬಳೆ ಹೇಗೆ ತೆಗೀಲಿ?"

ನಾನು ಪಕ್ಕದಲ್ಲಿ ಕೂತು ಹೇಳಿದೆ: "ಹೆರಿಗೆ ಆಯ್ತು. ಹೆಣ್ಣುಮಗು. ಮೂಗು ನಿನ್ನ ಹಾಗೇ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಪ್ರವಾಸಿಗರು ಮರ್ಯಾದೆಯಿಂದ ಬೇರೆ ಕಡೆ ತಿರುಗಿಕೊಂಡರು. ಆಮೇಲೆ ಅವಳು ಒಂದೊಂದೇ ಬಳೆ ಕಳಚಿ ನನ್ನ ಕೈಗೆ ಕೊಟ್ಟಳು. ಬೀಚಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮಗಳಿಗೆಂದು ಕೊಂಡಿದ್ದ ಕುಲಾವಿಯೊಳಗೆ ಅವನ್ನು ಸುತ್ತಿಟ್ಟಿದ್ದೇವೆ. ಬೆಳಿಗ್ಗೆ ಅವಳು ಸೈಕಲ್ ಹತ್ತುವಾಗ ಈಗ ಸದ್ದಿಲ್ಲ. ಆ ಸದ್ದು ನಿಂತರೆ ಸಾಕೆಂದು ಕಾಯುತ್ತಿದ್ದವನು ನಾನು. ಈಗ ಅವಳು ತಿರುವು ದಾಟುವವರೆಗೂ ಕಿಟಕಿಯಲ್ಲಿ ನಿಂತು ಅದಕ್ಕೇ ಕಿವಿಗೊಡುತ್ತೇನೆ.