ಜರ್ಮನ್ ಮಾತೆಗೆ ಹಳದಿ-ಕುಂಕು

ನಾವೆಲ್ಲ ದೇವರ ಪಾದ ಹಿಡಿಯುವ ಜನ. ನನ್ನ ನಾದಿನಿ ಪಾದದ ಅಡಿಯನ್ನು ನೋಡುವವಳು. ಮುಂಬೈ ಹತ್ತಿರದ ಡೊಂಬಿವಲಿ ಎಂಐಡಿಸಿಯ ನಮ್ಮ ಮನೆಗೆ ಬಂದವಳು ನನ್ನೊಡನೆ ಪಕ್ಕದ ಮನೆಗೆ ಹೋಗಿ ಬಾಯಮ್ಮನ ಮೇರಿ ಮಾತೆಯ ಮೂರ್ತಿಯನ್ನು ಕಂಡದ್ದೇ ತಡ, ಕೈಮುಗಿಯುವುದಿರಲಿ, ಎತ್ತಿ ತಲೆಕೆಳಗು ಮಾಡಿದಳು. ಬುಡದಲ್ಲಿ ಸಣ್ಣದೊಂದು ನೀಲಿ ಮುದ್ರೆಯಿತ್ತು. ಅವಳಿಗೆ ಸಾಕ್ಷಾತ್ಕಾರವಾದದ್ದು ಅಲ್ಲಿ.

"ಅತ್ತಿಗೆ, ಜರ್ಮನ್! ಪಕ್ಕಾ ಆಂಟಿಕ್!"

ಬಾಯಮ್ಮ ಮಂಗಳೂರು ಕಡೆಯವರು, ನಿವೃತ್ತ ನರ್ಸು. ಅವರ ತಾಯಿ ಮುಂಬೈಯಲ್ಲಿ ಜರ್ಮನ್ ಕುಟುಂಬವೊಂದರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರಂತೆ. ಆ ಮನೆಯ ದೊರೆಸಾನಿ ತನ್ನ ದೇಶಕ್ಕೆ ಮರಳುವಾಗ ಕೊಟ್ಟುಹೋದದ್ದು ಇದು. ಗೇಣುದ್ದದ ಪಿಂಗಾಣಿ, ಮಗುವನ್ನು ಎತ್ತಿಕೊಂಡ ತಾಯಿ. ನೀಲಿ ಮುಸುಕಿಗೆ ಹೊಳಪುಂಟು. ಮುಖಕ್ಕೆ ಮಾತ್ರ ಹೊಳಪು ಹಾಕಿಲ್ಲ, ಮುಟ್ಟಿದರೆ ಸೀಮೆಸುಣ್ಣದಂತೆ ಒರಟು. ಬಾಯಮ್ಮ ತಮ್ಮ ಕೊಂಕಣಿಯಲ್ಲಿ ಅವಳನ್ನು 'ಸಾಯ್ಬಿಣ್', ಅಂದರೆ ಒಡತಿ, ಎನ್ನುತ್ತಿದ್ದರು. ನಾನು ದೀಪ ಹಚ್ಚುವ ಹೊತ್ತಿಗೆ ಅವರು ಮೇಣದಬತ್ತಿ ಹಚ್ಚುತ್ತಿದ್ದರು.

"ಗೊತ್ತಿದ್ದವರಿಗೆ ತೋರಿಸಿ ವಾಪಸು ತರ್ತೇನೆ" ಎಂದು ನಾದಿನಿ ಅದನ್ನು ಒಯ್ದಳು. ಬೇಡ ಎನ್ನಲು ಬಾಯಮ್ಮನಿಗೆ ಸಂಕೋಚ. ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ಒಂದೇ ಉತ್ತರ: "ಎಕ್ಸ್‌ಪರ್ಟ್ ಬಿಜಿ ಅತ್ತಿಗೆ." ಆ ಎಕ್ಸ್‌ಪರ್ಟನ್ನು ಭಗವಂತನೊಬ್ಬನೇ ಕಂಡಿರಬೇಕು.

ಅಷ್ಟರಲ್ಲಿ ಬಾಯಮ್ಮ ಮಹಾಪೆ ಕಡೆಗೆ, ಮಗಳ ಮನೆಗೆ ಹೋಗುವುದು ನಿಶ್ಚಯವಾಯಿತು. ಸಾಮಾನು ಕಟ್ಟಿಯಾಯಿತು.

"ಸಾಯ್ಬಿಣ್ ಬಾರದೆ ನಾನು ಟೆಂಪೊ ಹತ್ತುದಿಲ್ಲ ಮಾರಾಯ್ತಿ. ನನ್ನಮ್ಮ ಜೀವ ಬಿಟ್ಟದ್ದು ಅವಳ ಮುಖ ನೋಡಿಕೊಂಡೇ" ಎಂದರು.

ಸಂಕ್ರಾಂತಿ ಕಳೆದ ಮೇಲೆ ನೌಪಾಡಾದ ತನ್ನ ಮನೆಯಲ್ಲಿ ನಾದಿನಿ ಹಳದಿ-ಕುಂಕು ಇಟ್ಟುಕೊಂಡಳು. ಮರಾಠಿ ಹೆಂಗಸರ ಈ ಪದ್ಧತಿಯನ್ನು ಇಲ್ಲಿ ನಾವೂ ಹಿಡಿದಿದ್ದೇವೆ. ಬಂದ ಮುತ್ತೈದೆಯರ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಹೊರಡುವಾಗ ಒಂದು ಉಡುಗೊರೆ ಕೊಡುವುದು. ಅದಕ್ಕೆ ವಾಣ ಎನ್ನುತ್ತಾರೆ. ಕೇಳಿಯೇ ತರುವೆನೆಂದು ಹೋದೆ. ಮೇರಿ ಮಾತೆ ಶೋಕೇಸಿನಲ್ಲಿದ್ದಳು. ಒಂದು ಪಕ್ಕ ನಗುವ ಬುದ್ಧ, ಇನ್ನೊಂದು ಪಕ್ಕ ಫಾರಿನ್ ಬಾಟಲಿ, ನೆತ್ತಿಯ ಮೇಲೆ ಲೈಟು. ದೇವರ ಮೂಲೆಯಲ್ಲಿ ಮಾತ್ರ ನಿನ್ನೆಯ ಹೂವು.

"ಎಕ್ಸ್‌ಪರ್ಟ್ ನೋಡಿ ಆಯ್ತಾ?" ಎಂದೆ.

"ಶ್, ಅತ್ತಿಗೆ! ಗೆಸ್ಟ್ ಇದ್ದಾರೆ. ನೀವು ಸ್ವಲ್ಪ ಈ ತಟ್ಟೆ ಹಿಡ್ಕೊಳ್ಳಿ" ಎಂದವಳು ಫೋಟೊ ತೆಗೆಸಿಕೊಳ್ಳಲು ಹೋದಳು.

ಕುಳಿತವರಿಗೆ ಸಾಲಾಗಿ ಹಚ್ಚುತ್ತ ಬಂದೆ. ಸಾಲು ಮುಗಿದಲ್ಲಿ ಶೋಕೇಸು, ಅದರ ಬಾಗಿಲು ತೆರೆದೇ ಇತ್ತು. ಮಗುವನ್ನೆತ್ತಿಕೊಂಡು ಮುತ್ತೈದೆ ನಿಂತಿದ್ದಾಳೆ, ನನ್ನ ಕೈಯಲ್ಲಿ ತಟ್ಟೆ ಇದೆ. ಬಿಟ್ಟು ಹೋಗಲು ಮನಸ್ಸು ಹೇಗೆ ಬಂದೀತು? ಒದ್ದೆ ಅರಿಸಿನ ಹಚ್ಚಿದೆ, ಅದರ ಮೇಲೆ ಕುಂಕುಮ. ಮಗುವಿನ ಹಣೆಗೂ ಒಂದು ಬೊಟ್ಟು.

"ಆಯಿ ಗ, ಕಿತೀ ಗೋಡ!" ಎಷ್ಟು ಮುದ್ದಾಗಿದ್ದಾಳೆ ಎನ್ನುತ್ತ ಮರಾಠಿ ಕಾಕೂ ಒಬ್ಬರು ಎದ್ದು ಬಂದು, ಮುಡಿಯ ಹೂ ತೆಗೆದಿಟ್ಟು ಕೈಮುಗಿದರು. ಅವರ ಹಿಂದೆ ಉಳಿದವರೂ. ಆ ಗಡಿಬಿಡಿಯಲ್ಲಿ ಬಾಟಲಿಗೂ ಒಂದು ಎಳ್ಳುಂಡೆಯ ನೈವೇದ್ಯವಾಯಿತು.

ನಾದಿನಿ ಓಡಿ ಬಂದು ಟಿಶ್ಯೂ ಹಿಡಿದು ಉಜ್ಜಿದಳು. ಉಜ್ಜಿದಷ್ಟೂ ಹರಡಿತು. ಹೊಳಪಿಲ್ಲದ ಮುಖ ಅರಿಸಿನವನ್ನು ಕುಡಿದುಬಿಟ್ಟಿತ್ತು.

"ಏನು ಮಾಡಿದ್ರಿ ಅತ್ತಿಗೆ! ಆಂಟಿಕ್‌ಗೆ ಯಾರಾದ್ರೂ ಕುಂಕುಮ ಹಚ್ತಾರಾ? ವ್ಯಾಲ್ಯೂನೇ ಹೋಯ್ತು. ಇನ್ನು ಇದನ್ನು ಯಾರು ತಕೊಳ್ತಾರೆ?"

ಮಾರುವ ಯೋಚನೆಯಿತ್ತೆಂದು ತಿಳಿದದ್ದು ಹಾಗೆ.

"ಬಾಯಮ್ಮ ತಕೊಳ್ತಾರೆ" ಎಂದೆ.

ಎಲ್ಲರಿಗೂ ಪ್ಲಾಸ್ಟಿಕ್ ಡಬ್ಬಿಯ ವಾಣ. ನನ್ನ ಚೀಲಕ್ಕೆ ಮಾತ್ರ ಹಳೆಯ ಪೇಪರಿನಲ್ಲಿ ಸುತ್ತಿದ ದೇವಮಾತೆಯನ್ನು ತುರುಕಿದಳು. ಮನೆಯಲ್ಲಿ ಡಬ್ಬಿಗಳಿಗೆ ಜಾಗವೂ ಇರಲಿಲ್ಲ, ದೇವರು ಅದನ್ನೂ ತಪ್ಪಿಸಿದ. ಲೋಕಲ್ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅದೂ ಅವನ ಕೃಪೆಯೇ.

ಬಾಯಮ್ಮ ಪೇಪರು ಬಿಚ್ಚಿದರು. ಹಣೆ ನೋಡಿದರು. ಸೆರಗಿನ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿದರು.

"ಹೋಗುದಿಲ್ವಾ ಇದು?"

"ಇಲ್ಲ."

"ಅಲ್ಲಿ ಪಾದ್ರಿಗಳು ಮನೆಗೆ ಬಂದು ಕೇಳಿದ್ರೆ ನಾನು ಎಂತ ಹೇಳುದು ಮಾರಾಯ್ತಿ?"

"ನೌಪಾಡಾಕ್ಕೆ ಹಳದಿ-ಕುಂಕುಕ್ಕೆ ಹೋಗಿದ್ದಳು ಅಂತ ಹೇಳಿ."

ಬಾಯಮ್ಮ ಕೆಮ್ಮು ಬರುವಷ್ಟು ನಕ್ಕರು. ಮರುದಿನ ಟೆಂಪೊ ಹೊರಟಿತು, ಫ್ರಿಜ್ಜು, ಮಂಚ ಎಲ್ಲ ಹಿಂದೆ. ಮುಂದೆ ಡ್ರೈವರನ ಪಕ್ಕದಲ್ಲಿ ಬಾಯಮ್ಮ, ಅವರ ಮಡಿಲಲ್ಲಿ ಟವೆಲು ಹೊದ್ದ ಸಾಯ್ಬಿಣ್. ಹಣೆಯನ್ನು ಅವರು ಮುಚ್ಚಿರಲಿಲ್ಲ.